ತಡವಾಗಿ ಮಾಗಿದ ಸಾಲು

ವಯಸ್ಸಾದವರೆಲ್ಲ ಮುಂದಕ್ಕೆ ಬಾಗುತ್ತಾರೆ. ನಮ್ಮ ಮಾವ ಹಿಂದಕ್ಕೆ ಬಾಗಿದ್ದರು. ಗಲ್ಲ ಮೇಲಕ್ಕೆದ್ದು, ಕಣ್ಣು ಯಾವಾಗಲೂ ಎದುರಿಗಿದ್ದವರ ತಲೆಗಿಂತ ಒಂದು ಮೊಳ ಮೇಲೆ. ನಲವತ್ತು ವರ್ಷ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಮೇಲೆ ನೋಡಿ ನೋಡಿ ಅವರ ಕತ್ತು ಹಾಗೇ ನಿಂತುಬಿಟ್ಟಿತ್ತು. ಬೇರೆಯವರಿಗೆ ಗಲ್ಲದ ನೆರಳಲ್ಲಿ ತಣ್ಣಗಿರುವ ಗಂಟಲು ಅವರಿಗೆ ಮಾತ್ರ ಬಿಸಿಲಿಗೆ ಕಪ್ಪಗಾಗಿತ್ತು.

ನನ್ನನ್ನು ನೋಡಲು ಹಲಸೂರಿನ ನಮ್ಮ ಮನೆಗೆ ಬಂದ ದಿನ ಅವರು ಪೂರ್ತಿ ಹೊತ್ತು ನಮ್ಮ ಮನೆಯ ತೊಲೆ ನೋಡುತ್ತಾ ಕೂತಿದ್ದರು. ಅವರು ಹೋದ ಮೇಲೆ ಅಮ್ಮ, "ಏನ್ ಜಂಬಾನೇ ಅವರಿಗೆ! ಹುಡುಗಿ ಮುಖ ನೋಡೋದು ಬಿಟ್ಟು ನಮ್ಮ ಸೂರಲ್ಲಿ ಜೇಡ ಎಷ್ಟಿದೆ ಅಂತ ಎಣಿಸ್ತಾ ಇದ್ರು" ಎಂದು ಗೊಣಗಿದಳು. ಮದುವೆಯಾದ ಮೇಲೆ ಅವರನ್ನು ಒಂದು ಸಲ ಕಮರ್ಷಿಯಲ್ ಸ್ಟ್ರೀಟಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಒಂದು ಬಟ್ಟೆ ಅಂಗಡಿಗೆ ನಾನು ಮನೆಯಲ್ಲೇ ರವಿಕೆ ಹೊಲಿದು ಕೊಡುತ್ತಿದ್ದೆ. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಫುಟ್‌ಪಾತಿನ ಮೇಲೆ ಐದಾರು ಜನ ಮಾವನ ಸುತ್ತ ನಿಂತು ಮೇಲೆ ನೋಡುತ್ತಿದ್ದಾರೆ. ಒಬ್ಬ, "ಕ್ಯಾ ಹೈ ಬಡೇ ಮಿಯಾ, ಮೇಲೆ ಏನಿದೆ?" ಎಂದು ಕೇಳಿದ. ಮಾವ, "ಏನೂ ಇಲ್ಲ ಕಣಪ್ಪ. ನನ್ನ ಕತ್ತು ಇರೋದೇ ಹಿಂಗೆ" ಎಂದರು. ಗುಂಪು ನಗುತ್ತಾ ಚದುರಿತು. ಮಾವನೂ ನಕ್ಕರು.

ಮಹದೇವಪುರದ ಮಗ್ಗುಲಲ್ಲಿ, ಈಗ ಒಂದು ಟೆಕ್ ಪಾರ್ಕಿನ ಹಿಂದಿನ ಗೇಟು ಇರುವ ಕಡೆ, ಅವರದು ಎರಡು ಎಕರೆ ದ್ರಾಕ್ಷಿ ತೋಟವಿತ್ತು. ಕಲ್ಲಿನ ಕಂಬ, ಕಂಬದ ಮೇಲೆ ತಂತಿಯ ಬಲೆ, ಬಲೆಯ ಮೇಲೆ ಬಳ್ಳಿ. ನಮ್ಮ ಕಡೆಯ ನೀಲಿ ದ್ರಾಕ್ಷಿ ನಿಮಗೆ ಗೊತ್ತಿರಬೇಕು. ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ಕಣ್ಣು ಮುಚ್ಚಿಸುವ ಹುಳಿ. ತಿನ್ನುವವರಿಗಿಂತ ಹಿಂಡುವವರಿಗೇ ಅದು ಇಷ್ಟ. ಮಾವನ ಬೆಳೆ ಹೆಚ್ಚೂಕಡಿಮೆ ಎಲ್ಲವೂ ವೈನ್ ಫ್ಯಾಕ್ಟರಿಯ ಲಾರಿ ಹತ್ತುತ್ತಿತ್ತು. ಮಾವ ಮಾತ್ರ ಜೀವನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಒಂದು ವರ್ಷ ಲಾರಿ ಡ್ರೈವರ್ ಪ್ರೀತಿಯಿಂದ ಒಂದು ಬಾಟಲಿ ತಂದುಕೊಟ್ಟ. ಮಾವ ಮುಚ್ಚಳ ತೆಗೆದು ಮೂಸಿ ನೋಡಿ, "ನಮ್ಮದೇ. ಬಾವಿ ಪಕ್ಕದ ಮೂಲೆ ವಾಸನೆ ಇದೆ" ಎಂದು ಹೇಳಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ಹಾವು ಹಿಡಿದ ಹಾಗೆ ಹಿಡಿದುಕೊಂಡು ಹೋಗಿ ತಿಪ್ಪೆಗೆ ಸುರಿದರು.

ಹಣ್ಣು ಮಾಗಿದೆಯೋ ಇಲ್ಲವೋ ಎಂದು ನೋಡಲು ಫ್ಯಾಕ್ಟರಿಯಿಂದ ಒಬ್ಬ ಸಾಹೇಬರು ಬರುತ್ತಿದ್ದರು. ಬೆರಳುದ್ದದ ಒಂದು ಕೊಳವೆ, ಅದರ ಗಾಜಿನ ಮೇಲೆ ಒಂದು ತೊಟ್ಟು ರಸ ಬಿಟ್ಟು, ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದು ಸಕ್ಕರೆ ಎಷ್ಟಿದೆ ಎಂದು ಓದುತ್ತಿದ್ದರು. ಮಾವನ ಉಪಕರಣ ಅವರ ದವಡೆ. ಹಣ್ಣನ್ನು ನುಂಗಿ ಬೀಜವನ್ನು ಮಾತ್ರ ಹಲ್ಲಿನ ನಡುವೆ ಇಟ್ಟು ಕಡಿಯುವುದು. "ಕಟ್ ಅಂದ್ರೆ ಮಾಗೈತೆ. ಕಚ್ ಅಂದ್ರೆ ಇನ್ನೂ ಇರ್ಲಿ." ಸಾಹೇಬರು ಮೂರು ದಿನ ಬಿಟ್ಟು ಕೊಯ್ಯಿರಿ ಎಂದರೆ ಮಾವ ನಾಲ್ಕು ಎನ್ನುತ್ತಿದ್ದರು. ಲಾರಿ ಬರುತ್ತಿದ್ದುದು ನಾಲ್ಕನೆಯ ದಿನವೇ.

ವರ್ಷದ ಕೆಲಸ ಶುರುವಾಗುವುದು ದಸರಾ ಮುಗಿದ ಮೇಲೆ, ಕತ್ತರಿಯಿಂದ. ಹಬ್ಬಿದ ಬಳ್ಳಿಯನ್ನೆಲ್ಲ ಸವರಿ, ಕಡ್ಡಿಗೆ ನಾಲ್ಕೈದು ಕಣ್ಣು ಬಿಟ್ಟು ಮಿಕ್ಕಿದ್ದನ್ನು ಕತ್ತರಿಸಿ ಹಾಕುತ್ತಾರೆ. ಕಣ್ಣೆಂದರೆ ಚಿಗುರು ಒಡೆಯುವ ಗಂಟು. ಬಳ್ಳಿಗೆ ಕತ್ತರಿ ಹಾಕುವ ಮುಂಚೆ ಮಾವ ಅದರ ಬುಡ ಮುಟ್ಟಿ, "ಏನಮ್ಮ" ಎನ್ನುತ್ತಿದ್ದರು. ಬಾಗಿಲು ತಟ್ಟಿ ಒಳಗೆ ಹೋಗುವವರ ಹಾಗೆ. ಕತ್ತರಿಸಿದ ಎರಡನೆಯ ದಿನದಿಂದ ಪ್ರತಿಯೊಂದು ಕಡ್ಡಿಯ ತುದಿಯಲ್ಲೂ ನೀರು ಜಿನುಗುತ್ತದೆ. ಇಡೀ ಚಪ್ಪರ ತೊಟ್ಟಿಕ್ಕುತ್ತದೆ. ಬಳ್ಳಿ ಅಳ್ತಾ ಇದೆ ಅನ್ನುತ್ತಾರೆ. ಅದು ಅತ್ತು ಮುಗಿಸುವವರೆಗೂ, ಅಂದರೆ ಏಳೆಂಟು ದಿನ, ತೋಟದೊಳಗೆ ಯಾರೂ ಕಾಲಿಡುವುದಿಲ್ಲ. ಗೇಟಿಗೆ ಅಡ್ಡ ಒಂದು ಹೊರೆ ಜಾಲಿಮುಳ್ಳು ಇಟ್ಟು ಮನೆಯಲ್ಲಿರುತ್ತಾರೆ. ಅದು ಮಾವನ ಅಪ್ಪನ ಕಾಲದಿಂದ ಬಂದ ಪದ್ಧತಿ.

ಆ ಪದ್ಧತಿ ಗೊತ್ತಿಲ್ಲದೆ ನಾನು ಮಾಡಿದ ಒಂದು ತಪ್ಪನ್ನು ಹೇಳದಿದ್ದರೆ ಮಾವನ ಬಗ್ಗೆ ಹೇಳಿದ ಹಾಗೇ ಆಗುವುದಿಲ್ಲ.

ಇದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮದುವೆಯಾಗಿ ಎರಡನೆಯ ವರ್ಷ ನಾನು ಬಸುರಿಯಾಗಿದ್ದೆ. ಏಳನೆಯ ತಿಂಗಳಲ್ಲಿ, ಶ್ರಾವಣದಲ್ಲಿ, ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣುಮಗು. ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ಎಲ್ಲರದೂ ಒಂದೇ ಮಾತು. ಅತ್ತೆ, "ಅಳ್ಬೇಡ ಕಣೆ, ಮೈಗೆ ನಂಜಾಗುತ್ತೆ" ಎಂದರು. ಅಮ್ಮ, "ಅಳ್ಬೇಡ, ಇನ್ನೊಂದು ಆಗುತ್ತೆ" ಎಂದಳು. ನನ್ನ ಗಂಡ ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್. ಅವರು ಓವರ್‌ಟೈಮ್ ಹಾಕಿಸಿಕೊಂಡು, ಬಂದು ಉಂಡು, ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಎಲ್ಲರೂ ಬೇಡ ಬೇಡ ಅಂದು ಅಂದು ನನಗೆ ಅಳುವುದೇ ಮರೆತುಹೋಯಿತು. ಎದೆಯ ಮೇಲೆ ಯಾರೋ ಮೊಣಕಾಲಿಟ್ಟು ಕೂತ ಹಾಗಿರುತ್ತಿತ್ತು. ಹಲಸೂರಿಗೆ ಹೋಗಿಬಿಡಬೇಕು, ಮತ್ತೆ ಈ ಮನೆಗೆ ಬರಬಾರದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ದಸರಾ ಕಳೆಯಿತು, ತೋಟಕ್ಕೆ ಕತ್ತರಿ ಹಾಕಿದರು, ಗೇಟಿಗೆ ಮುಳ್ಳು ಇಟ್ಟರು. ಮಾರನೆಯ ದಿನ ಮಾವನೂ ಅತ್ತೆಯೂ ಕೆ.ಆರ್. ಪುರಕ್ಕೆ ನೆಂಟರ ಮದುವೆಗೆ ಹೊರಟು ಮೂರು ದಿನ ಅಲ್ಲೇ ಉಳಿದರು. ಹಗಲೆಲ್ಲ ಮನೆಯಲ್ಲಿ ಒಬ್ಬಳೇ ಇರಲಾಗದೆ ನಾನು ಬೇಲಿಯ ಸಂದಿಯಿಂದ ತೋಟದೊಳಗೆ ನುಗ್ಗಿದೆ. ಹಿಂದಿನ ವರ್ಷದ ದಸರಾಕ್ಕೆ ತವರಿಗೆ ಹೋಗಿದ್ದವಳು, ಮುಳ್ಳು ಇಟ್ಟಿರುವುದು ದನ ಬಾರದಿರಲಿ ಎಂದೇ ಅಂದುಕೊಂಡಿದ್ದೆ. ಚಪ್ಪರದ ಕೆಳಗೆ ಕಾಲಿಟ್ಟರೆ ತಲೆಯ ಮೇಲೆ, ಭುಜದ ಮೇಲೆ ಟಪ್ ಟಪ್ ಎಂದು ಹನಿ. ಮಳೆಯಿಲ್ಲ, ಮೋಡವಿಲ್ಲ. ಕತ್ತೆತ್ತಿ ನೋಡಿದೆ. ಕತ್ತರಿಸಿದ ಗಾಯಗಳೆಲ್ಲ ಸೋರುತ್ತಿದ್ದವು. ಹಲಸೂರಿನ ಗಲ್ಲಿಯಲ್ಲಿ ಬೆಳೆದ ನನಗೆ ಬಳ್ಳಿಯ ವಿಷಯ ಏನು ಗೊತ್ತು? ಇದರ ಜೀವವೇ ಸೋರಿಹೋಗುತ್ತಿದೆ, ಯಾರೂ ಗಮನಿಸದೆ ಮದುವೆಗೆ ಹೋಗಿದ್ದಾರೆ ಎಂದುಕೊಂಡೆ.

ಮನೆಗೆ ಓಡಿದೆ. ಪೆಟ್ಟಿಗೆಯಲ್ಲಿ ಬಟ್ಟೆ ಇತ್ತು. ಅಮ್ಮನ ಹಳೆಯ ಕಾಟನ್ ಸೀರೆಗಳನ್ನು ಹರಿದು, ಒಗೆದು, ಮಗುವಿಗೆಂದು ಮಡಿಸಿಟ್ಟ ಬಟ್ಟೆ. ಅದನ್ನೇ ಬೆರಳಗಲ ಪಟ್ಟಿ ಮಾಡಿ ತಂದೆ. ಸ್ಟೂಲ್ ಹಾಕಿಕೊಂಡು, ಬಾವಿ ಪಕ್ಕದ ಮೊದಲನೆಯ ಸಾಲಿನ ಹದಿನಾಲ್ಕು ಬಳ್ಳಿಗಳ ಒಂದೊಂದು ತುದಿಗೂ ಅರಿಸಿನ ಒತ್ತಿ, ಬಿಗಿಯಾಗಿ ಪಟ್ಟಿ ಕಟ್ಟಿದೆ. ಮೂರು ದಿನ ಅದೇ ಕೆಲಸ. ನನ್ನ ಕೈಯ ಹೊಲಿಗೆ ಗಂಟು, ಅಷ್ಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮಾವ ಬಂದವರು ಬೇಲಿಯಾಚೆಯಿಂದಲೇ ನೋಡಿದರು. ಅವರ ಕಣ್ಣು ಸದಾ ಮೇಲೆಯೇ ಅಲ್ಲವೇ, ಮೊದಲು ಕಂಡದ್ದೇ ಅದು. ನನ್ನನ್ನು ಕರೆದು, ಮುಳ್ಳು ಸರಿಸಿ, ಒಳಗೆ ಕರೆದುಕೊಂಡು ಹೋದರು. ಒಂದು ಪಟ್ಟಿಯನ್ನು ಬೆರಳಲ್ಲಿ ಸವರಿ ನೋಡಿದರು. ಅದು ಯಾವ ಬಟ್ಟೆ ಎಂದು ಅವರಿಗೆ ತಿಳಿಯಿತು. ಆಮೇಲೆ ಹೇಳಿದರು.

"ಅಳೋದನ್ನ ಕಟ್ಟಬಾರದು ಕಣಮ್ಮ. ಅತ್ತು ಮುಗಿಸ್ಲಿ ಅಂತಾನೇ ನಾವು ಆಚೆ ಇರೋದು. ಅಳದೆ ಇರೋ ಬಳ್ಳಿ ಚಿಗುರಲ್ಲ."

ಇಬ್ಬರೂ ಸೇರಿ ಪಟ್ಟಿ ಬಿಚ್ಚಲು ಶುರುಮಾಡಿದೆವು. ಒಂದೊಂದು ಪಟ್ಟಿಯ ಜೊತೆಗೂ, ಒದ್ದೆಯಲ್ಲಿ ಮೆತ್ತಗಾಗಿದ್ದ ಕಣ್ಣುಗಳು ಕಳಚಿ ಬಟ್ಟೆಗೆ ಅಂಟಿಕೊಂಡು ಬರುತ್ತಿದ್ದವು. ಅಕ್ಕಿಕಾಳಿನಷ್ಟು ದಪ್ಪ, ಇನ್ನೂ ತೆರೆಯದ ಕಣ್ಣುಗಳು. ಹತ್ತನೆಯದೋ ಹನ್ನೊಂದನೆಯದೋ ಬಿಚ್ಚುವಾಗ ನನ್ನ ಒಳಗೆ ಏನೋ ಕಿತ್ತುಬಂತು. ನೆಲದ ಮೇಲೆ ಕೂತು, ಆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು, ಆಸ್ಪತ್ರೆಯಲ್ಲೂ ಕೂಗದ ಹಾಗೆ ಕೂಗಿಬಿಟ್ಟೆ. ಮಾವ ಸುಮ್ಮನಿರು ಎನ್ನಲಿಲ್ಲ. ತಲೆ ಸವರಲಿಲ್ಲ. ಮೆಲ್ಲಗೆ ಹೊರಗೆ ಹೋಗಿ, ಮುಳ್ಳಿನ ಹೊರೆಯನ್ನು ಮತ್ತೆ ಗೇಟಿಗೆ ಎಳೆದು, ಅದರ ಪಕ್ಕದ ಕಲ್ಲಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಅತ್ತೆ ಓಡಿಬಂದ ಸದ್ದು ಕೇಳಿಸಿತು.

"ಏನ್ರೀ ಅದು, ಹಂಗ್ ಅಳ್ತಾವ್ಳೆ! ಬಿಡಿ, ನಾನ್ ಹೋಗಿ ಸಮಾಧಾನ ಮಾಡ್ತೀನಿ."

"ಈಗ ಯಾರೂ ಒಳಗೆ ಹೋಗಂಗಿಲ್ಲ" ಎಂದರು ಮಾವ. "ನಡಿ, ಮನೆಗೆ ಹೋಗು."

ಬಿಸಿಲು ನೆತ್ತಿಗೆ ಬರುವವರೆಗೂ ನಾನು ಅಳುತ್ತಲೇ ಇದ್ದೆ. ಅಷ್ಟು ಹೊತ್ತೂ ಅವರು ಆ ಕಲ್ಲಿನ ಮೇಲಿಂದ ಏಳಲಿಲ್ಲ.

ಹೊರಗೆ ಬಂದವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಮಾವ, ನಾನು ಹಲಸೂರಿಗೆ ಹೋಗ್ತೀನಿ. ವಾಪಸ್ ಬರಲ್ಲ."

ಅವರು ಯೋಚನೆ ಮಾಡಿ, "ಹೋಗು. ತಡಿಯಲ್ಲ" ಎಂದರು. "ಆದ್ರೆ ಈ ಸಾಲು ಹಾಳು ಮಾಡಿದವಳು ನೀನು. ಇದನ್ನ ಕೊಯ್ಲಿಗೆ ತಂದುಕೊಟ್ಟು ಹೋಗು. ಅವತ್ತು ನಾನೇ ಬಂದು ಬಿಟ್ಟು ಬರ್ತೀನಿ. ಯಾಕೆ ಅಂತ ಯಾರೂ ಕೇಳದಂಗೆ ನೋಡ್ಕೋತೀನಿ."

"ಕಣ್ಣೆಲ್ಲ ಹೋಯ್ತಲ್ಲ ಮಾವ, ಕೊಯ್ಲು ಎಲ್ಲಿಂದ?"

"ಮೇಲಿನ ಕಣ್ಣು ಹೋದ್ರೆ ಕೆಳಗಿನ ಕಣ್ಣು ತೆರೀತದೆ. ತಡ ಆಗುತ್ತೆ, ಅಷ್ಟೆ."

ಹಾಗೆ ಆ ಸಾಲು ನನ್ನದಾಯಿತು. ಬೇರೆ ಸಾಲುಗಳಲ್ಲಿ ಗುಲಾಬಿ ಬಣ್ಣದ ಚಿಗುರು ಬೆರಳುದ್ದ ಬಂದಾಗಲೂ ನನ್ನ ಸಾಲು ಬೋಳು. ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ಹದಿನೆಂಟನೆಯ ದಿನ ಕಡ್ಡಿಯ ಬುಡದಲ್ಲಿ, ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಗಂಟು ಬಿರಿದಿತ್ತು. ಅವತ್ತು ನಾನು ಮಾವನನ್ನು ಕೂಗಿದ ಕೂಗಿಗೆ ಅತ್ತೆ ಹಾವು ಕಚ್ಚಿತೇನೋ ಎಂದು ದೊಣ್ಣೆ ಹಿಡಿದು ಬಂದರು.

ಮಾವ ಕಲಿಸಲು ಕೂರಲಿಲ್ಲ, ಪಕ್ಕದಲ್ಲಿ ಕೆಲಸ ಮಾಡುತ್ತಿದ್ದರು ಅಷ್ಟೆ. ಹೆಚ್ಚಾದ ಚಿಗುರು ತೆಗೆಯಲು ನಾನು ನನ್ನ ಟೈಲರ್ ಕತ್ತರಿ ತಂದಾಗ, "ಅದು ಜಾಕೀಟಿಗೆ ಇಟ್ಕೋ. ಇದಕ್ಕೆ ಉಗುರು ಸಾಕು" ಎಂದರು. ಹೂವಾದಾಗ ಚಪ್ಪರದ ಕೆಳಗೆ ಒಂದು ಸಣ್ಣ ಪರಿಮಳ ಬರುತ್ತದೆ. ಆ ಹೂವನ್ನು ಹೂವೆಂದು ತೋರಿಸದಿದ್ದರೆ ಯಾರಿಗೂ ಕಾಣುವುದಿಲ್ಲ, ಸಾಸಿವೆಯಷ್ಟೂ ಇರುವುದಿಲ್ಲ. ಆಮೇಲೆ ಹಸಿರು ಮಣಿ. ಸಂಕ್ರಾಂತಿ ಹೊತ್ತಿಗೆ ಬೇರೆ ಸಾಲಿನ ಗೊಂಚಲುಗಳಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣಿಗೆ ಬಣ್ಣ ಬಂತು. ನನ್ನದರಲ್ಲಿ ಇನ್ನೂ ಕಲ್ಲಿನಂಥ ಕಾಯಿ.

ಶಿವರಾತ್ರಿ ಮುಗಿದ ವಾರ ಕೊಯ್ಲು. ಊರಿನ ಹೆಂಗಸರೆಲ್ಲ ಬಂದರು. ಬೆಳಕು ಹರಿಯುವ ಮುಂಚೆ ಶುರುಮಾಡಿ, ಹಣ್ಣು ಬಿಸಿಯಾಗುವ ಮುಂಚೆ ಕ್ರೇಟು ತುಂಬಿಸಿ ಲಾರಿಗೆ ಹಾಕಬೇಕು. ಹಾಡು, ಬೈಗುಳ, ನಗು, ಜೇನುನೊಣದ ಕಾಟ, ಮೊಣಕೈವರೆಗೆ ಅಂಟು. ಲಾರಿ ಹೊರಟಾಗ ಸಾಹೇಬರು ನನ್ನ ಸಾಲಿನತ್ತ ಬೊಟ್ಟು ಮಾಡಿ, "ಅದು?" ಎಂದರು. "ಅದು ನಿಮಗಲ್ಲ" ಎಂದರು ಮಾವ. ಹದಿನಾಲ್ಕು ಬಳ್ಳಿಗಾಗಿ ಲಾರಿ ಇನ್ನೊಂದು ಸಲ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು.

ಯುಗಾದಿಗೆ ನಾಲ್ಕು ದಿನ ಇರುವಾಗ ಸಂಜೆ ಮೋಡ ಕಟ್ಟಿತು. ಮಾಗುವ ದ್ರಾಕ್ಷಿಗೆ ಮಳೆ ಬಿದ್ದರೆ ಹಣ್ಣು ಬಿರಿದು ಎರಡೇ ದಿನದಲ್ಲಿ ಕೊಳೆಯುತ್ತದೆ. ಅತ್ತೆ ಬುಟ್ಟಿ ತಂದು, "ಹುಳಿಯೋ ಪಳಿಯೋ, ಕೈಗೆ ಬಂದಷ್ಟು ಕಿತ್ಕೊಳ್ಳಿ" ಎಂದು ಕೂಗಾಡಿದರು. ನಾನು ಮಾವನ ಮುಖ ನೋಡಿದೆ. ಅವರು ಮೋಡ ನೋಡುತ್ತಿದ್ದರು. "ನಿನ್ನ ಸಾಲು. ನೀನು ಹೇಳು."

ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಬೀಜ ಕಡಿದೆ. ಕಚ್ ಎಂದಿತು. ಇನ್ನೊಂದು. ಅದೂ ಕಚ್.

"ಬೇಡ ಮಾವ. ಇರ್ಲಿ."

ಆ ರಾತ್ರಿ ನನಗೆ ನಿದ್ದೆಯಿಲ್ಲ. ನಾಲ್ಕು ಹನಿ ಬಿದ್ದು ಮೋಡ ಹೊಸಕೋಟೆ ಕಡೆ ಸರಿಯಿತು. ಬೆಳಿಗ್ಗೆ ಎದ್ದವಳಿಗೆ ಹೊಳೆಯಿತು, ಎಷ್ಟೋ ವಾರಗಳಿಂದ ಹಲಸೂರಿನ ನೆನಪೇ ಬಂದಿಲ್ಲ. ಯುಗಾದಿಯ ಮಾರನೆಯ ದಿನ ಬೀಜ ಕಟ್ ಎಂದಿತು. ನಾನೂ ಮಾವನೂ ಇಬ್ಬರೇ ಕೊಯ್ದೆವು. ಏಳು ಬುಟ್ಟಿ. ಕಡಿಮೆ ಗೊಂಚಲು ಹೊತ್ತಿದ್ದಕ್ಕೋ ಏನೋ, ಅಂಥ ಸಿಹಿ ಆ ತೋಟದಲ್ಲಿ ಯಾವತ್ತೂ ಬಂದಿರಲಿಲ್ಲ ಎಂದು ಮಾವನೇ ಹೇಳಿದರು.

ಮರುದಿನ ಬೆಳಿಗ್ಗೆ ನೋಡಿದರೆ ಮಾವ ಬಿಳಿ ಪಂಚೆ ಉಟ್ಟು, ಎರಡು ಬುಟ್ಟಿ ದ್ರಾಕ್ಷಿ ಕಟ್ಟಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ನಡಿಯಮ್ಮ. ಕೊಯ್ಲು ಆಯ್ತು. ಮಾತು ಕೊಟ್ಟಿದ್ದೀನಿ."

ನಾನು ಮರೆತಿದ್ದೆ. ಅವರು ಮರೆತಿರಲಿಲ್ಲ. ನನಗೆ ಉರಿದುಹೋಯಿತು. ಇರು ಎಂದು ಒಂದು ಮಾತು ಹೇಳಬಾರದೇ ಈ ಮನುಷ್ಯ? ಆ ಸಿಟ್ಟಿಗೇ ಚೀಲ ತುಂಬಿಕೊಂಡು ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಬಸ್ಸಿನ ಸೂರು ನೋಡುತ್ತಾ ಕೂತರು, ನಾನು ಕಿಟಕಿ ನೋಡುತ್ತಾ ಕೂತೆ.

ಹಲಸೂರಿನಲ್ಲಿ ಅಮ್ಮನ ಕೈಗೆ ಬುಟ್ಟಿ ಕೊಟ್ಟು, "ನಿಮ್ಮ ಮಗಳನ್ನ ಬಿಡಕ್ಕೆ ಬಂದಿದ್ದೀನಿ. ಎಷ್ಟು ದಿನ ಅಂತ ನಾನೂ ಕೇಳಲ್ಲ, ನೀವೂ ಕೇಳ್ಬೇಡಿ" ಎಂದರು. ಪಕ್ಕದ ಮನೆಯ ತಮಿಳಜ್ಜಿ ಹಣ್ಣಿನ ವಾಸನೆಗೇ ಹೊರಗೆ ಬಂದು, "ಅಯ್ಯೋ, ವೈನ್ ಪೋಡಲಾಂ!" ಎಂದು, ವೈನ್ ಮಾಡಲು ಒಂದು ಬುಟ್ಟಿ ಎತ್ತಿಕೊಂಡು ಹೋದಳು. ಮಾವ ನೀರು ಕುಡಿದು ಹೊರಟರು. ಗಲ್ಲಿಯ ತಿರುವಿನಲ್ಲಿ ಒಂದು ಚಪ್ಪಡಿ ಎದ್ದಿತ್ತು. ಮೇಲೆ ನೋಡುತ್ತಾ ನಡೆಯುವವರಿಗೆ ಅದು ಹೇಗೆ ಕಾಣಬೇಕು? ಎಡವಿದರು, ಗೋಡೆ ಹಿಡಿದುಕೊಂಡರು, ಹಿಂತಿರುಗಿ ನೋಡದೆ ಹೋದರು.

ಒಂಬತ್ತು ದಿನ ಇದ್ದೆ. ಅಮ್ಮ ಕೇಳಲಿಲ್ಲ. ಹತ್ತನೆಯ ದಿನ ಯಾರೂ ಕರೆಯದೆ, ಯಾರಿಗೂ ಹೇಳದೆ, ಬಸ್ಸು ಹತ್ತಿದೆ. ಮಾವ ತೋಟದಲ್ಲಿ ತಂತಿ ಬಿಗಿಯುತ್ತಿದ್ದರು. ಹೆಜ್ಜೆ ಸದ್ದಿಗೇ ನಾನೆಂದು ಗೊತ್ತಾಗಿರಬೇಕು.

"ಬಂದ್ಯಾ? ನಿನ್ನ ಸಾಲಿಗೆ ಗೊಬ್ಬರ ಹಾಕಿಲ್ಲ. ನೀನೇ ಹಾಕ್ಕೋ."

ಆ ಒಂಬತ್ತು ದಿನವೂ ಸಂಜೆ ಅವರು ಬೀಡಿ ತರುತ್ತೇನೆಂದು ಬಸ್ ಸ್ಟಾಪಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರಂತೆ. ಅತ್ತೆ ಆಮೇಲೆ ಹೇಳಿದರು. ಮಾವ ಬೀಡಿ ಸೇದಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ.

ಮುಂದೆ ನನಗೆ ಒಬ್ಬ ಮಗಳು ಹುಟ್ಟಿದಳು. ತೋಟ ಇನ್ನೂ ಏಳೆಂಟು ವರ್ಷ ಇತ್ತು. ರಿಂಗ್ ರೋಡು ಬಂತು, ಅಂತರ್ಜಲ ಇಳಿಯಿತು, ಅಣ್ಣತಮ್ಮಂದಿರಲ್ಲಿ ಪಾಲಾಯಿತು, ಮಾರಿದೆವು. ಮಾವ ಗಲಾಟೆ ಮಾಡಲಿಲ್ಲ. ನನ್ನ ಸಾಲಿನಿಂದ ಒಂದು ಕಡ್ಡಿ ತಂದು ಹೊಸ ಮನೆಯ ಮೂಲೆಯಲ್ಲಿ ನೆಟ್ಟರು. ಅದು ಮೂರು ಅಂತಸ್ತು ಹತ್ತಿ ಟೆರೇಸಿನ ಮೇಲೆ ಚಪ್ಪರವಾಯಿತು. ಮಳೆಗಾಲದಲ್ಲಿ ನಮ್ಮ ಕಡೆಯ ಅಪಾರ್ಟ್‌ಮೆಂಟಿನ ಕಾರುಗಳು ನೀರಲ್ಲಿ ತೇಲುವುದನ್ನು ಟೀವಿಯಲ್ಲಿ ತೋರಿಸಿದಾಗ ಮಾವ, "ದ್ರಾಕ್ಷಿ ಬೇರಿಗೆ ನೀರು ನಿಲ್ಲಬಾರದು ಅಂತ ನಮ್ಮಪ್ಪ ಇಳಿಜಾರು ಮಾಡಿ ಕಾಲುವೆ ತೆಗೆದಿದ್ದ. ಇವರು ಅದರ ಮೇಲೇ ಕಾಂಪೌಂಡ್ ಕಟ್ಟವ್ರೆ" ಎನ್ನುತ್ತಿದ್ದರು. ಟೆರೇಸಿನ ಬಳ್ಳಿಗೆ ವರ್ಷಾ ವರ್ಷಾ ಕತ್ತರಿ ಅವರದೇ. ಬುಡ ಮೂರು ಅಂತಸ್ತು ಕೆಳಗಿದ್ದರೂ ಇಳಿದುಹೋಗಿ, ಮುಟ್ಟಿ, "ಏನಮ್ಮ" ಎಂದು ಹೇಳಿ, ಮತ್ತೆ ಹತ್ತಿ ಬರುತ್ತಿದ್ದರು.

ಹೋದ ವರ್ಷ ದಸರಾ ಮುಗಿದ ವಾರ ಕತ್ತರಿ ಹಾಕಿದರು. ಎಂಬತ್ತು ದಾಟಿದ್ದ ವಯಸ್ಸು. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಕುರ್ಚಿಯಲ್ಲೇ ಹೋಗಿಬಿಟ್ಟರು. ನಡುಮನೆಯಲ್ಲಿ ಮಲಗಿಸಿದಾಗ ಆ ಕತ್ತು ನೆಟ್ಟಗಾಗಲಿಲ್ಲ. ಅದರ ಕೆಳಗೆ ಎರಡು ಸೀರೆ ಮಡಿಸಿಟ್ಟೆ.

ಜನ ತುಂಬಿದರು. ನನ್ನ ಗಂಡ ಕಂಬದ ಹಾಗೆ ನಿಂತಿದ್ದರು. ನೆಂಟರು ಒಬ್ಬೊಬ್ಬರೇ ಬಂದು ಭುಜ ತಟ್ಟಿ, "ಅಳ್ಬೇಡಪ್ಪ, ತುಂಬಿದ ವಯಸ್ಸು, ಒಳ್ಳೆ ಸಾವು" ಎನ್ನುತ್ತಿದ್ದರು. ಅವರು ಅಳುತ್ತಲೇ ಇರಲಿಲ್ಲ. ಆ ಮುಖ ನನಗೆ ಗೊತ್ತಿತ್ತು. ಮಗು ಹೋದಾಗ ಗೋಡೆ ಕಡೆ ತಿರುಗಿಕೊಂಡಿದ್ದ ಮುಖ. ನಾನು ಅತ್ತು ಮುಗಿಸಿದ್ದೆ, ಅವರು ಆ ಮಗುವಿಗೂ ಅತ್ತಿರಲಿಲ್ಲ. ಹತ್ತಿರ ಹೋಗಿ ಕಿವಿಯಲ್ಲಿ, "ಮೇಲೆ ಬಳ್ಳಿ ನೋಡ್ಕೊಂಡು ಬನ್ನಿ" ಎಂದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿ, ಮೆಟ್ಟಿಲು ಹತ್ತಿದರು.

ಟೆರೇಸಿನಲ್ಲಿ ಬಳ್ಳಿ ತೊಟ್ಟಿಕ್ಕುತ್ತಿತ್ತು. ಆಮೇಲೆ ಐವತ್ತು ದಾಟಿದ ಒಬ್ಬ ಗಂಡಸು ಬಾಯಿಬಿಟ್ಟು ಅಳುವ ಸದ್ದು ಕೆಳಗಿನ ನಡುಮನೆಯವರೆಗೂ ಬಂತು. ಅಪ್ಪಾ ಎನ್ನುತ್ತಿದ್ದರು. ನಡುನಡುವೆ ಮಗಳೇ ಎಂದೂ ಕೇಳಿಸಿತು. ಅತ್ತೆ ಗಾಬರಿಯಾಗಿ ಎದ್ದರು, ಅತ್ತೆಯ ತಮ್ಮ ಎದ್ದರು, ನಾಲ್ಕೈದು ಜನ ಮೆಟ್ಟಿಲ ಕಡೆ ಧಾವಿಸಿದರು.

"ಈಗ ಯಾರೂ ಮೇಲೆ ಹೋಗಂಗಿಲ್ಲ" ಎಂದೆ.

ಮುಳ್ಳು ತರಲು ಈಗ ಜಾಲಿಗಿಡ ಎಲ್ಲಿದೆ? ಮೊದಲನೆಯ ಮೆಟ್ಟಿಲಿಗೆ ಅಡ್ಡವಾಗಿ ನಾನೇ ಕೂತೆ.